ಹಳೇ ಕಾರು ಚಾರ್ಜ್ ಆಗ್ತಿಲ್ವಾ? ಹೊಸ ಬ್ಯಾಟರಿ ತರೋಕ್ ಮುಂಚೆ ಇಷ್ಟು ನೋಡಿ

ತೀರ್ಥಹಳ್ಳಿ, ಹೊಸನಗರ, ಕೊಪ್ಪ ಕಡೆ ತೋಟದ ಮನೆಗಳಲ್ಲಿ ಇವತ್ತಿಗೂ ಅಂಬಾಸಿಡರ್, ಪದ್ಮಿನಿ, ಹಳೇ ಜೀಪನ್ನ ಪ್ರೀತಿಯಿಂದ ಇಟ್ಕೊಂಡೋರು ಇದಾರೆ. ಮಳೆ ಹಿಡೀತು ಅಂದ್ರೆ ಎಲ್ರದ್ದೂ ಒಂದೇ ರಾಗ, ಬೆಳಗ್ಗೆ ಸೆಲ್ಫ್ ಹೊಡೆದ್ರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಸೀದಾ ಶಿವಮೊಗ್ಗಕ್ಕೆ ಹೋಗಿ ಹೊಸ ಬ್ಯಾಟರಿ ಹಾಕಿಸ್ಕೊಂಡು ಬರ್ತಾರೆ, ಸ್ವಲ್ಪ ದಿನಕ್ಕೆ ಅದೂ ಮಲಗುತ್ತೆ. ಬ್ಯಾಟರಿ ಕೆಟ್ಟಿರೋದು ಬೇರೆ ಮಾರಾಯ್ರೆ, ಬ್ಯಾಟರಿಗೆ ಚಾರ್ಜ್ ಬರದೇ ಇರೋದು ಬೇರೆ. ಯಾವುದು ಅಂತ ಗೊತ್ತು ಮಾಡ್ಕೊಳ್ಳೋಕೆ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೊದಲು ಬಾನೆಟ್ ಎತ್ತಿ ನಿಮ್ಮ ಗಾಡಿಯಲ್ಲಿ ಇರೋದು ಡೈನಮೋನೋ ಆಲ್ಟರ್ನೇಟರೋ ನೋಡ್ಕೊಳ್ಳಿ, ಇಂಜಿನ್ ಓಡುವಾಗ ಬೆಲ್ಟಿಂದ ತಿರುಗಿ ಬ್ಯಾಟರಿಗೆ ಕರೆಂಟ್ ತುಂಬಿಸೋದು ಇವೇ. ಅಂಬಾಸಿಡರ್ 2014ರವರೆಗೂ ಬಂತಲ್ಲ, ಅದರಲ್ಲಿ ಹಳೇವಕ್ಕೆ ಡೈನಮೋ, ಆಮೇಲಿನವಕ್ಕೆ ಆಲ್ಟರ್ನೇಟರ್. ಉದ್ದಕ್ಕೆ ಸಿಲಿಂಡರ್ ತರ ಇದ್ದು ಹಿಂದೆ ಡಿ, ಎಫ್ ಅಂತ ಎರಡು ವೈರ್ ಇದ್ರೆ ಡೈನಮೋ, ಅದಕ್ಕೆ ಬೇರೆ ಕಟೌಟ್ ಡಬ್ಬಿ (ಡೈನಮೋನ ಬ್ಯಾಟರಿಗೆ ಸೇರಿಸಿ ಬಿಡಿಸೋ ಸ್ವಿಚ್) ಇರುತ್ತೆ. ಗಿಡ್ಡಕ್ಕೆ ದಪ್ಪಕ್ಕೆ ಇದ್ರೆ ಆಲ್ಟರ್ನೇಟರ್. ಬ್ರಿಟಿಷ್ ಮೂಲದ ತುಂಬಾ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯನ್ನೇ ಗಾಡಿಯ ಲೋಹದ ಬಾಡಿಗೆ ಸೇರಿಸಿ ಅರ್ಥ್ ಮಾಡಿರ್ತಾರೆ, ಅದನ್ನ ನೋಡ್ಕೊಳ್ದೆ ಬ್ಯಾಟರಿ ಕೂರಿಸಬೇಡಿ.

ಆಮೇಲೆ ಬ್ಯಾಟರಿ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಬೆಳಗ್ಗೆ ಮೀಟರ್ ಇಡಿ. 12.6 ವೋಲ್ಟ್ ಇದ್ರೆ ಫುಲ್, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಹೆಚ್ಚುಕಮ್ಮಿ ಖಾಲಿ. ಫುಲ್ ಇದ್ದೂ ಸೆಲ್ಫ್ ಹೊಡೆದಾಗ 9.5ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೇ ಅನುಮಾನ. ಮುಚ್ಚಳ ಬಿಚ್ಚೋ ಬ್ಯಾಟರಿ ಆದ್ರೆ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸೋ ನಳಿಕೆ) ಹಾಕಿ, ಐದು ಸೆಲ್ ಒಂದೇ ತರ ಇದ್ದು ಒಂದು ಮಾತ್ರ ತುಂಬಾ ಕೆಳಗೆ ತೋರಿಸಿದ್ರೆ ಆ ಸೆಲ್ ಹೋಗಿದೆ. ನೀರು ಕಮ್ಮಿ ಇದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ. ಹತ್ರ ಬೀಡಿ ಸಿಗರೇಟು ಬೇಡವೇ ಬೇಡ, ಚಾರ್ಜ್ ಆಗೋವಾಗ ಬರೋ ಗ್ಯಾಸಿಗೆ ಒಂದು ಕಿಡಿ ಸಾಕು.

ಮಲೆನಾಡಲ್ಲಿ ನಾನು ಜಾಸ್ತಿ ಅನುಮಾನ ಪಡೋದು ಡೈನಮೋ ಮೇಲಲ್ಲ, ಕನೆಕ್ಷನ್ ಮೇಲೆ. ತಿಂಗಳುಗಟ್ಲೆ ತೇವ, ಕೆಂಪು ಮಣ್ಣು, ಇಂಜಿನ್ನನ್ನ ಬಾಡಿಗೆ ಸೇರಿಸೋ ಅರ್ಥ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು. ಬ್ಯಾಟರಿ ಕ್ಲಾಂಪ್ ಮೇಲಿಂದ ಚೆನ್ನಾಗೇ ಕಾಣುತ್ತೆ, ಬಿಚ್ಚಿ ಒಳಗೆ ನೋಡಿ, ಬೂದು ಬಣ್ಣದ ತೆಳ್ಳನೆ ಪದರ ಕೂತಿರುತ್ತೆ, ಅದನ್ನ ಸೀಸ ಹೊಳೆಯೋವರೆಗೂ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಟೈಟ್ ಮಾಡಿ ವ್ಯಾಸಲೀನ್ ಸವರಿ. ಅರ್ಥ್ ನೋಡೋಕೆ ಮೀಟರಿನ ಒಂದು ಕಡ್ಡಿ ಅರ್ಥ್ ಕಡೆಯ ಬ್ಯಾಟರಿ ಕಂಬದ ಮೇಲೇ, ಕ್ಲಾಂಪ್ ಮೇಲಲ್ಲ, ಇನ್ನೊಂದು ಇಂಜಿನ್ನಿನ ಖಾಲಿ ಲೋಹದ ಮೇಲೆ ಇಟ್ಟು, ಒಬ್ರಿಗೆ ಸೆಲ್ಫ್ ಹೊಡೆಯೋಕೆ ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಅರ್ಥ್ ಸರಿಯಿಲ್ಲ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಕೈಗೆ ಬಿಸಿ ಹತ್ತುತ್ತಾ ನೋಡಿ, ಹತ್ತಿದ್ರೆ ಪಟ್ಟಿ ಕೆಲಸ ಮಾಡ್ತಿಲ್ಲ, ಕರೆಂಟು ಆ ಕೇಬಲ್ ಹಿಡ್ಕೊಂಡು ಹೋಗ್ತಿದೆ ಅಂತಾನೇ ಅರ್ಥ.

ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಬಗ್ಗಬೇಕು, ಅದಕ್ಕಿಂತ ತುಂಬಾ ಸಡಿಲ ಇದ್ದು ಪಕ್ಕ ಗಾಜಿನ ತರ ನುಣ್ಣಗಾಗಿದ್ರೆ ಬದಲಾಯಿಸಿ.

ಈಗ ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿ ಮೇಲೆ ಮೀಟರ್ ಇಡಿ. ಆಲ್ಟರ್ನೇಟರ್ ಗಾಡಿಗೆ ಸ್ವಲ್ಪ ರೇಸ್ ಕೊಟ್ರೆ 13.8ರಿಂದ 14.4 ಬರಬೇಕು. 12.5ರಲ್ಲೇ ನಿಂತು ಇಳೀತಾ ಹೋದ್ರೆ ಚಾರ್ಜ್ ಆಗ್ತಿಲ್ಲ, 15 ದಾಟಿದ್ರೆ ವೋಲ್ಟೇಜ್ ಹಿಡಿದಿಡೋ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರೆಲ್ಲ ಕುದ್ದು ಹೋಗುತ್ತೆ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಲ್ಲಿ ಚಾರ್ಜಿನ ಕೆಂಪು ಲೈಟ್ ಹತ್ತದೇ ಇದ್ರೆ ಮೊದ್ಲು ಆ ಬಲ್ಬ್ ನೋಡಿ, ಎಷ್ಟೋ ಆಲ್ಟರ್ನೇಟರ್ ಶುರುವಾಗೋದೇ ಆ ಬಲ್ಬ್ ಮೂಲಕ ಹೋಗೋ ಕರೆಂಟಿಂದ. ಇಂಜಿನ್ ಓಡ್ತಾ ಇರೋವಾಗ ಬ್ಯಾಟರಿ ವೈರ್ ಕಿತ್ತು ಟೆಸ್ಟ್ ಮಾಡೋ ಅಭ್ಯಾಸ ಕೆಲವರಿಗಿದೆ, ಯಾರು ಹೇಳಿದ್ರೂ ಹಾಗೆ ಮಾಡೋಕೆ ಬಿಡಬೇಡಿ, ಆಲ್ಟರ್ನೇಟರ್ ಒಳಗಿನ ಡಯೋಡ್ ಸುಟ್ಟೋಗುತ್ತೆ.

ಡೈನಮೋ ಆದ್ರೆ ಇಂಜಿನ್ ಆಫ್ ಮಾಡಿ ಡಿ, ಎಫ್ ಎರಡೂ ವೈರ್ ಬಿಚ್ಚಿ, ಡೈನಮೋದ ಆ ಎರಡು ಟರ್ಮಿನಲ್ಲಿಗೆ ಒಂದು ತುಂಡು ವೈರ್ ಸೇರಿಸಿ, ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಗಾಡಿ ಬಾಡಿಯ ಲೋಹಕ್ಕೆ ಇಟ್ಟು ಸ್ಟಾರ್ಟ್ ಮಾಡಿ. ನಿಧಾನಕ್ಕೆ ರೇಸ್ ಕೊಟ್ರೆ ವೋಲ್ಟೇಜ್ ಸರಸರ ಏರಬೇಕು, 20 ದಾಟಿಸಬೇಡಿ. ಏರಿದ್ರೆ ಡೈನಮೋ ಚೆನ್ನಾಗಿದೆ, ತೊಂದ್ರೆ ಕಟೌಟಲ್ಲೋ ವೈರಲ್ಲೋ. ಏನೂ ಬರದಿದ್ರೆ ಮೊದ್ಲು ಡೈನಮೋ ಒಳಗೆ ಸವೆಯೋ ಕಾರ್ಬನ್ ಬ್ರಷ್ ನೋಡಿಸಿ. ಒಂದು ವೋಲ್ಟಿನ ಒಳಗೇ ನಿಂತ್ರೆ ಫೀಲ್ಡ್ (ಒಳಗೆ ಸುತ್ತಲೂ ಕೂತಿರೋ ಸುರುಳಿ), ನಾಲ್ಕೈದಕ್ಕೆ ನಿಂತ್ರೆ ಆರ್ಮೇಚರ್ (ನಡುವೆ ತಿರುಗೋ ಭಾಗ) ಮೇಲೆ ಅನುಮಾನ.

ಡೈನಮೋ ಗಾಡಿಯವರು ಇನ್ನೊಂದು ತಿಳ್ಕೋಬೇಕು, ಐಡ್ಲಿಂಗಲ್ಲಿ ಕೆಂಪು ಲೈಟ್ ಮಿಣಮಿಣ ಅಂದ್ರೆ ಅದು ರೋಗ ಅಲ್ಲ, ಡೈನಮೋ ಇರೋದೇ ಹಾಗೆ, ನಿಧಾನಕ್ಕೆ ತಿರುಗುವಾಗ ಚಾರ್ಜ್ ಕೊಡಲ್ಲ. ಆಗುಂಬೆ ಘಾಟಿ ಮಂಜಲ್ಲಿ ಮುಂದಿನ ಗಾಡಿ ಹಿಂದೆ ನಿಂತು ನಿಂತು ಹೋಗ್ತೀರಿ, 45 ವ್ಯಾಟಿನ ಎರಡು ಹೆಡ್‌ಲೈಟಿಗೇ ಏಳೂವರೆ ಆಂಪ್ ಬೇಕು, ಜೊತೆಗೆ ವೈಪರ್, ಇಗ್ನಿಷನ್ ಕಾಯಿಲ್, ಹಿಂದಿನ ಲೈಟು, ಎಲ್ಲಾ ಬ್ಯಾಟರಿಯಿಂದಲೇ ಹೋಗುತ್ತೆ. ನಿಂತಾಗ ಸ್ವಲ್ಪ ರೇಸ್ ಇಟ್ಕೊಳ್ಳಿ.

ಓಡಿಸುವಾಗ ಚಾರ್ಜ್ ಸರಿ ಇದ್ದು ಶೆಡ್ಡಲ್ಲಿ ನಿಂತಾಗ ಡೌನ್ ಆದ್ರೆ ಎಲ್ಲೋ ಸೋರ್ತಿದೆ. ಎಲ್ಲಾ ಆಫ್ ಮಾಡಿ ಅರ್ಥ್ ವೈರ್ ಬಿಚ್ಚಿ, ಕಂಬಕ್ಕೂ ವೈರಿಗೂ ನಡುವೆ ಮೀಟರನ್ನ 10 ಆಂಪ್ ರೇಂಜಲ್ಲಿ ಹಾಕಿ, ಆಗ ಮಾತ್ರ ಸೆಲ್ಫ್ ಮುಟ್ಟಬೇಡಿ. ಹಳೇ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಸೊನ್ನೆ ಹತ್ರ ಇರಬೇಕು. ಅರ್ಧ ಆಂಪ್ ಸೋರಿದ್ರೂ ದಿನಕ್ಕೆ 12 ಆಂಪ್ ಅವರ್, 60 ಆಂಪ್ ಅವರ್ ಬ್ಯಾಟರಿ ಐದು ದಿನಕ್ಕೆ ಖಾಲಿ. ಫ್ಯೂಸ್ ಒಂದೊಂದೇ ಕೀಳ್ತಾ ಮೀಟರ್ ನೋಡಿ, ಯಾವುದು ಕಿತ್ತಾಗ ಇಳಿಯುತ್ತೋ ಅಲ್ಲೇ ಸೋರಿಕೆ, ಆಮೇಲೆ ಫ್ಯೂಸ್ ಇಲ್ಲದ ವೈರ್, ಟೇಪ್ ರೆಕಾರ್ಡರ್, ಡಿಕ್ಕಿ ಲೈಟು ನೋಡಿ. ಇಂಜಿನ್ ತಣ್ಣಗಿದ್ದೂ ಡೈನಮೋ ಬಿಸಿ ಇದ್ರೆ ಕಟೌಟ್ ಪಾಯಿಂಟ್ ಅಂಟ್ಕೊಂಡಿದೆ, ಕರೆಂಟು ವಾಪಸ್ ಹರೀತಿದೆ, ತಕ್ಷಣ ಬ್ಯಾಟರಿ ವೈರ್ ತೆಗೀರಿ, ಇಲ್ಲಾಂದ್ರೆ ವೈರಿಂಗೇ ಸುಡುತ್ತೆ.

ಶಿವಮೊಗ್ಗದ ಸಾಗರ ರೋಡಿನ ಆಟೋ ಕಾಂಪ್ಲೆಕ್ಸಿಗೋ ಊರಿನ ಎಲೆಕ್ಟ್ರಿಷಿಯನ್ ಹತ್ರಾನೋ ಹೋಗೋವಾಗ ಈ ನಂಬರೆಲ್ಲಾ ಚೀಟಿಯಲ್ಲಿ ಬರ್ಕೊಂಡು ಹೋಗಿ, ಕಾರ್ಬನ್ನಲ್ಲಿ ಮುಗಿಯೋ ಕೆಲಸಕ್ಕೆ ಇಡೀ ಡೈನಮೋ ಬದಲಾಯಿಸೋ ಖರ್ಚು ತಪ್ಪುತ್ತೆ. ರಿಪೇರಿ ಆದ್ಮೇಲೆ ಖಾಲಿ ಬ್ಯಾಟರಿ ಹಾಕ್ಕೊಂಡು ಡೈನಮೋನೇ ತುಂಬಿಸ್ಲಿ ಅಂತ ಬಿಡಬೇಡಿ, 60ರ ಬ್ಯಾಟರಿಗೆ ಐದಾರು ಆಂಪಲ್ಲಿ ಹೊರಗಡೆ ಚಾರ್ಜರಿಗೆ ಹಾಕಿ, ಫುಲ್ ಆದ್ಮೇಲೇ ಕೂರಿಸಿ.