ಉಣುಗು ಹಿಡಿಯಲು ಸೀಳು ಫ್ಲಾನಲ್: ನನ್ನ ಅನುಭವ

ಮಂಗನ ಕಾಯಿಲೆಯ ವೈರಸ್ ಪರೀಕ್ಷೆಗೆ ಕಾಡಿನ ಉಣುಗು ಬೇಕು. ನೆಲದ ಮೇಲೆ ಬಟ್ಟೆ ಎಳೆದರೆ ಅದಕ್ಕೆ ಉಣುಗು ಹತ್ತುತ್ತೆ. ಡ್ರೈ ಐಸ್ ಇಟ್ಟರೆ ಅದು ಬಿಡುವ ಕಾರ್ಬನ್ ಡೈಆಕ್ಸೈಡ್‌ಗೆ ತಾನಾಗೇ ಬರುತ್ತೆ. ಮಲೆನಾಡಿನ ಲಂಟಾನದ ಮುಳ್ಳುಪೊದೆಯಲ್ಲಿ ಬಟ್ಟೆ ಎಳೆದರೆ ಚಿಂದಿಯಷ್ಟೇ ಉಳಿಯುತ್ತೆ, ಡ್ರೈ ಐಸ್ ಇಡಿ ಎಂದವರೇ ಈಗ ಬಟ್ಟೆಯ ಅಳತೆ ಕೇಳುತ್ತಿದ್ದಾರೆ. ಡ್ರೈ ಐಸ್ ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ಆದರೆ ಬೆಂಗಳೂರಿನಿಂದ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಆವಿ. ಐಸಿಗಿಂತ ಸಾಗಣೆಯೇ ದುಬಾರಿ. ದನದ ಮೈಯಿಂದ ಕಿತ್ತರೆ ಸಿಗುವುದು ಬಹುಪಾಲು ಬಲಿತವು. ನಮಗೆ ಬೇಕಾದದ್ದು ಮಂಗನ ಕಾಯಿಲೆ ಹರಡುವ ಸ್ಪಿನಿಜೆರಾ ಜಾತಿಯ ಉಣುಗಿನ ನಿಂಫ್, ಅಂದರೆ ಇನ್ನೂ ಬಲಿಯದ ಮರಿ. ಅದು ತರಗೆಲೆಯಲ್ಲಿರುತ್ತೆ.

ಒಂದು ಮೀಟರ್ ಚೌಕದ ಬಿಳಿ ಫ್ಲಾನಲ್. ಕೆಳಗಿನ ಒಂದಡಿಯನ್ನು ನಾಲ್ಕು ಬೆರಳಗಲದ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ತುದಿಗೆ ಒಂದು ಕಬ್ಬಿಣದ ವಾಷರ್ ಹೊಲಿದೆ. ಇಡೀ ಬಟ್ಟೆ ಮುಳ್ಳಿಗೆ ಸಿಕ್ಕಿದರೆ ಮೇಲೆದ್ದು ನೆಲ ಬಿಡುತ್ತೆ. ಪಟ್ಟಿ ಹಾಗಲ್ಲ, ಕಡ್ಡಿಗಳ ನಡುವೆ ಇಳಿದು ತರಗೆಲೆ ಸವರುತ್ತೆ. ಬಿದಿರು ಕೋಲೂ ಸೇರಿ ನಾನೂರು ರೂಪಾಯಿ ದಾಟಲಿಲ್ಲ.

ಬಟ್ಟೆ ಎಳೆಯುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಇಬ್ಬನಿ ಆರಿದ ಮೇಲೆ. ಒದ್ದೆ ಫ್ಲಾನಲ್‌ಗೆ ಉಣುಗು ಹತ್ತುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡಬೇಕು, ತಡವಾದರೆ ಉದುರಿಹೋಗುತ್ತವೆ. ಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿದ ಕೈ ಬಟ್ಟೆಗೆ ತಾಗಿತೋ, ಆ ದಿನದ ಲೆಕ್ಕ ನಂಬುವಂತಿಲ್ಲ. ಪರಿಮಳದ ಸೋಪಿನಲ್ಲೂ ಒಗೆಯಬೇಡಿ, ಬರೀ ಬಿಸಿನೀರು ಸಾಕು. ಮಂಗ ಸತ್ತ ಜಾಗವಾದರೆ ಸುತ್ತ 50 ಮೀಟರ್ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಬೀಳುತ್ತೆ. ಆರೋಗ್ಯ ಇಲಾಖೆಯವರಿಗೆ ಮೊದಲೇ ಹೇಳಿಟ್ಟು, ಅವರ ಜೊತೆಗೇ ಹೋಗಿ, ಪುಡಿ ಬೀಳುವ ಮುಂಚೆ ಎಳೆದು ಮುಗಿಸಿ. ಅವರ ಕೆಲಸ ನಮಗಾಗಿ ಕಾಯಬಾರದು.

ನಡುವೆ ಡ್ರೈ ಐಸ್ ಬದಲು ಸಕ್ಕರೆ, ಈಸ್ಟ್ ಬಾಟಲಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬರಿಸಿ ನೋಡಿದೆ. ಆ ಚಳಿಗೆ ಹುದುಗೇ ಏಳಲಿಲ್ಲ, ಬಂದದ್ದು ಇರುವೆ. ಬಟ್ಟೆಗೆ ಲಾರ್ವಾ, ಅಂದರೆ ಮೊಟ್ಟೆಯೊಡೆದ ಎಳೆಮರಿ, ಗುಂಪಾಗಿ ಹತ್ತಿದಾಗ ಮಾತ್ರ ತೆಗೆಯಲು ಸೆಲ್ಲೋಟೇಪ್ ಒಳ್ಳೆಯದು, ಅದೂ ಎಣಿಕೆಗಷ್ಟೇ.

ನಿಂಫ್ ಎಳ್ಳಿಗಿಂತ ಸಣ್ಣದು. ಚಿಮುಟದಲ್ಲಿ ಒತ್ತಿದರೆ ಹೋಯಿತು, ಒದ್ದೆ ಬ್ರಶ್ ತುದಿಯಲ್ಲಿ ಎತ್ತಿ. ಅದನ್ನು ಹಾಕುವ ವಯಲ್‌ನಲ್ಲಿ (ಪುಟ್ಟ ಸೀಸೆ) ನೆನೆಸಿ ಹಿಂಡಿದ ಫಿಲ್ಟರ್ ಪೇಪರ್ ಚೂರು ಇರಲಿ. ನೀರು ಜಾಸ್ತಿಯಾದರೆ ಬೂಷ್ಟು, ಒಣಗಿದರೆ ಸಾವು, ಸತ್ತು ಒಣಗಿದ್ದರಲ್ಲಿ ವೈರಸ್ ಪತ್ತೆಗೆ ಬೇಕಾದ ಆರ್‌ಎನ್‌ಎ ಸಿಗುವ ಭರವಸೆಯಿಲ್ಲ. ವಯಲ್ ಸಾಗಿಸುವ ಪೆಟ್ಟಿಗೆಯ ಐಸ್ ಪ್ಯಾಕಿಗೆ ಟವೆಲ್ ಸುತ್ತಿ. ವೈರಸ್ ಬೆಳೆಸುವುದಿದ್ದರೆ ಆಲ್ಕೋಹಾಲ್ ಬೇಡವೇ ಬೇಡ. ಚೀಟಿ ಪೆನ್ಸಿಲ್‌ನಲ್ಲೇ ಬರೆದು ವಯಲ್ ಒಳಗೆ ಹಾಕಿ, ಮಾರ್ಕರ್ ಶಾಯಿ ಪೆಟ್ಟಿಗೆಯ ಬೆವರಿಗೆ ಅಳಿಸುತ್ತೆ.