ಯಾರು ಹೇಳಿದ್ದು?

ದಾವಣಗೆರೆಯಲ್ಲಿ ನಮ್ಮದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಡಿಗ್ರಿ ಮುಗಿಸಿ ಗಲ್ಲಾದಲ್ಲಿ ಕೂತ ಮೇಲೆ ಗೊತ್ತಾಯಿತು, ನಾನು ಬಾಯಿ ತೆರೆದರೆ ಬರುವುದೆಲ್ಲ ಅಪ್ಪನ ಮಾತು. ಹಳೇ ಲೆಕ್ಕದ ಪುಸ್ತಕ ತೆಗೆದು ಗೆರೆ ಎಳೆದೆ. ಒಂದು ಕಡೆ ‘ನಂಬಿದ್ದು’, ಇನ್ನೊಂದು ಕಡೆ ‘ಯಾರು ಹೇಳಿದ್ದು’.

ಮೊದಲು ಸಿಕ್ಕಿದ್ದು ರಾಹುಕಾಲ. ಮಂಗಳವಾರ 3ರಿಂದ 4.30ರವರೆಗೆ ಅಪ್ಪ ತಕ್ಕಡಿ ಮುಟ್ಟಗೊಡುತ್ತಿರಲಿಲ್ಲ. ಹಗಲನ್ನು 8 ಪಾಲು ಮಾಡಿದರೆ ಮಂಗಳವಾರದ ರಾಹುಕಾಲ 7ನೇ ಪಾಲು. ಗೋಡೆ ಕ್ಯಾಲೆಂಡರಿನದು ಬೆಳಿಗ್ಗೆ 6ಕ್ಕೆ ಹುಟ್ಟಿ ಸಂಜೆ 6ಕ್ಕೆ ಮುಳುಗುವ ಸೂರ್ಯ. ಜೂನ್‌ನಲ್ಲಿ ನಮ್ಮೂರ ಸೂರ್ಯ ಮುಳುಗುವುದು 7ರ ಹತ್ತಿರ. ಲೆಕ್ಕ ಹಾಕಿದರೆ ಆಗ ರಾಹುಕಾಲ ಸುಮಾರು 3.40ರಿಂದ 5.20. ಅಂದರೆ 4.30ಕ್ಕೆ ಕಾದು ತೂಕ ಶುರು ಮಾಡಿಸುತ್ತಿದ್ದ ಅಪ್ಪ ನಟ್ಟನಡು ರಾಹುಕಾಲದಲ್ಲೇ ವ್ಯಾಪಾರ ಮಾಡಿದ್ದರು! ಗೆದ್ದವನ ಹಾಗೆ ಹೋಗಿ ಹೇಳಿದೆ. “ಹೌದೇನೋ? ಹಂಗಾದ್ರೆ ಸರಿಯಾದ ಟೈಮು ಬರ್ದು ಅಂಟ್ಸು” ಅಂದರು.

ಎರಡನೆಯದು ಅಪ್ಪನ ಹಲ್ಲು. ಕಾಳು ಕಚ್ಚಿ ತೇವ ಹೇಳುತ್ತಿದ್ದರು. ತೇವಾಂಶ 14% ದಾಟಿದರೆ ರೇಟು ಬೀಳುತ್ತದೆ, ಹಲ್ಲನ್ನು ನಂಬಿ ಕೂರಲಾದೀತೇ? ‘ಮೂಢನಂಬಿಕೆ’ ಅಂತ ಬರೆದು ಮೀಟರ್ ತಂದೆ. ಅಪ್ಪ ಮೊದಲು ಹೇಳಬೇಕು, ಮೀಟರ್ ಆಮೇಲೆ. ಹೆಚ್ಚಿನ ಸಲ ಹಲ್ಲು ಹೇಳಿದ್ದೇ ಸರಿಯಾಯಿತು. ಆ ‘ಮೂಢನಂಬಿಕೆ’ ಅನ್ನುವ ಮಾತೂ ನನ್ನದಲ್ಲ, ಕಾಲೇಜಿನ ಮೇಷ್ಟ್ರದು. ಅಪ್ಪನನ್ನು ಬಿಟ್ಟು ಅವರ ಬೆನ್ನು ಹತ್ತಿದ್ದೆ, ಅಷ್ಟೆ.

ಪುಸ್ತಕದಲ್ಲಿ ನಲವತ್ತು ಸಾಲು ತುಂಬಿತು. ಹೆಮ್ಮೆಯೂ ಬಂತು.

ಒಂದು ಮಧ್ಯಾಹ್ನ ಹೊಸದಾಗಿ ಬಂದ ಹಮಾಲಿ ಹುಡುಗ ನೀರಿಗೆಂದು ಒಳಗಿನ ಸ್ಟೀಲ್ ಲೋಟಕ್ಕೆ ಕೈ ಹಾಕಿದ. ಹಮಾಲರ ಲೋಟಗಳು ಹೊರಗೆ ಕಿಟಕಿಯಲ್ಲಿರುತ್ತವೆ. ನಾನು ಯೋಚಿಸುವ ಮೊದಲೇ ನನ್ನ ಕೈ ಅವನನ್ನು ತಡೆದು ಕಿಟಕಿ ತೋರಿಸಿತ್ತು. ಹುಡುಗ ಏನೂ ಅನ್ನಲಿಲ್ಲ, ಅವನಿಗೂ ಅಭ್ಯಾಸವಿತ್ತು.

ನಮ್ಮದು ದಿನಾ ಬೆಳಿಗ್ಗೆ ವಚನ ಹೇಳುವ ಮನೆ.

ರಾತ್ರಿ ಬರೆಯಲು ಕೂತೆ. ‘ಯಾರು ಹೇಳಿದ್ದು’ ಎಂಬಲ್ಲಿ ಪೆನ್ನು ನಿಂತಿತು. ಅಪ್ಪ ಹೇಳಿರಲಿಲ್ಲ, ಅಮ್ಮನೂ ಹೇಳಿರಲಿಲ್ಲ. ಲೋಟಗಳು ಮೊದಲಿಂದಲೂ ಅಲ್ಲಿದ್ದವು. ರಾಹುಕಾಲಕ್ಕಾದರೆ ಎದುರುವಾದಕ್ಕೆ ಒಂದು ಮಾತಿತ್ತು, ಇದಕ್ಕೆ ಮಾತೇ ಇರಲಿಲ್ಲ.

ಮರುದಿನ ಎಲ್ಲ ಲೋಟ ಒಂದೇ ಬುಟ್ಟಿಗೆ ಹಾಕಿದೆ. ಅಪ್ಪ ಬೈಯಲಿಲ್ಲ. ಒಂದು ವಾರ ಮಾತ್ರ ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋದರು. ಅಲ್ಲಿ ಯಾರು ಕುಡಿದಿಟ್ಟ ಲೋಟ ಯಾರಿಗೆ ಬರುತ್ತದೋ, ಕೇಳುವವರಿಲ್ಲ.