ಮದ್ದಲೆ ಕೆಳಗಿಟ್ಟ ಎರಡು ತಿಂಗಳು

ನಾನು ಯಕ್ಷಗಾನದ ಮದ್ದಲೆ ಹಿಡಿದದ್ದು ಮೂವತ್ತೆಂಟನೇ ವಯಸ್ಸಿಗೆ. ತಾಳದ ಒಂದು ಸುತ್ತಿಗೆ ಇಷ್ಟು ಎಣಿಕೆ ಅಂತ: ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10, ಅಷ್ಟಕ್ಕೆ 14. ಹಗಲಿಡೀ ಲೆಡ್ಜರ್ ನೋಡುವವನಿಗೆ ಈ ಲೆಕ್ಕ ಏನು ಮಹಾ! ಬೆರಳೂ ಓಡಿತು. ನಮ್ಮ ಹವ್ಯಾಸಿ ಬಳಗದ ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತೇ ನಡೆಸುವ ಯಕ್ಷಗಾನದಲ್ಲಿ, ಪದ್ಯ ಹಾಡುವ ಭಾಗವತರ ಪಕ್ಕ ಕೂತು ಕಲಿತ ನುಡಿತವನ್ನೆಲ್ಲ, ಬೆರಳ ಪೆಟ್ಟುಗಳನ್ನೆಲ್ಲ, ಸುರಿದೆ. ಮೂರನೇ ಪದ್ಯ ಮುಗಿದದ್ದೇ ಅವರು ಬಗ್ಗಿ ಕೇಳಿದರು: "ಎಂತ ಮಾರಾಯ, ಪದ್ಯ ಹೇಳೂದ್ ನಾನಾ, ನೀನಾ?"

ಮರುವಾರದಿಂದ ಎರಡು ತಿಂಗಳು ಮದ್ದಲೆ ಮುಟ್ಟಲು ಬಿಡಲಿಲ್ಲ. ಕೌರವ ವೈಶಂಪಾಯನ ಸರೋವರದಲ್ಲಿ ಅಡಗುವ ಪ್ರಸಂಗದ ಪದ್ಯಗಳನ್ನು ಕೈಯಲ್ಲೇ ಬರೆಸಿದರು. ಅವರು ಹಾಡುವುದು, ನಾನು ತೊಡೆಯ ಮೇಲೆ ತಾಳ ಹಾಕುತ್ತ ಕೇಳುವುದು. ಸಿಟ್ಟು ಬಂದದ್ದು ಸುಳ್ಳಲ್ಲ. ಆದರೆ ಕೈ ಸುಮ್ಮನಾದ ಮೇಲೆ ಕಿವಿ ತೆರೆಯಿತು. ಪದ್ಯ ಎತ್ತುವ ಮೊದಲು ಅವರ ಹೆಗಲು ಒಂಚೂರು ಏಳುತ್ತದೆ. ಸಾಲಿನ ಕೊನೆಯ ಸ್ವರ ಎಳೆದಾಗ ಖಾಲಿ ಉಳಿಯುವ ಜಾಗ ಇದೆಯಲ್ಲ, ನನ್ನದು ಅದು. ನಾನೋ ಸಾಹಿತ್ಯದ ಮೇಲೆಯೇ ಬಡಿಯುತ್ತಿದ್ದೆ. ತನ್ನವರೆಲ್ಲ ಸತ್ತ ರಣದಲ್ಲಿ ಕೌರವ ಒಬ್ಬನೇ ನಡೆಯುವಾಗ ಮದ್ದಲೆಗೆ ಅಷ್ಟೊಂದು ಸಂಭ್ರಮ ಯಾಕೆ?

ಮತ್ತೆ ಮದ್ದಲೆ ಸಿಕ್ಕಿದ್ದು ಆಷಾಢದಲ್ಲಿ. ಮಳೆಯ ಥಂಡಿಗೆ ಮದ್ದಲೆಯ ಚರ್ಮದ ಮುಚ್ಚಿಗೆ ಸಡಿಲಿ ಶ್ರುತಿ ಇಳಿಯುತ್ತಲೇ ಇರುತ್ತದೆ. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ಮಾತು ನಡೆಯುವಷ್ಟು ಹೊತ್ತಿನಲ್ಲೇ ಸದ್ದಾಗದಂತೆ ಬಿಗಿದು ಭಾಗವತರ ಷಡ್ಜಕ್ಕೆ ತಂದಿಡಬೇಕು. ಯಾರೂ ಗಮನಿಸದ ಈ ಕೆಲಸ, ಯಾಕೋ, ನನಗೆ ತುಂಬ ಹಿಡಿಸಿತು.

ಹಾಗಂತ ಅವರು ಹೋದಲ್ಲೆಲ್ಲ ಹಿಂದೆ ಓಡುವುದೂ ಅಲ್ಲ. ಒಮ್ಮೆ ಬೆಳಗಿನ ಜಾವ, ದಣಿವಿಗೋ ಏನೋ, ಅವರ ಹಾಡಿನ ವೇಗ ಏರತೊಡಗಿತು. ಜೊತೆಗೇ ಓಡಿದ್ದರೆ ಇಬ್ಬರೂ ಮುಗ್ಗರಿಸುತ್ತಿದ್ದೆವು. ತುಂಬು ನುಡಿತ ಬಿಟ್ಟು, ಬರೇ ಪೆಟ್ಟಿನ ಜಾಗಕ್ಕೆ ಒಂದೊಂದು ಘಾತ ಹಾಕುತ್ತ ಹಿಡಿದು ಕೂತೆ. ತಾಳದ ಎರಡು ಸುತ್ತಿನಲ್ಲಿ ಅವರು ಇಳಿದು ಬಂದರು. ನನ್ನತ್ತ ನೋಡಲೂ ಇಲ್ಲ.

ಆಫೀಸಿನಲ್ಲಿ ಈಗ ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯುತ್ತೇನಂತೆ, ಸಹೋದ್ಯೋಗಿಯೇ ಹೇಳಿದ್ದು. ಮನೆಯಲ್ಲಿ ಹೆಂಡತಿ ಇದನ್ನಿನ್ನೂ ಒಪ್ಪಿಲ್ಲ.